ತಲೆಯ ಕಾವಲು, ತಲೆಯ ತಂಪು

ಬಯಲುಸೀಮೆಯ ಹಳ್ಳಿಗಳಲ್ಲಿ ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತೆಂದರೆ ಅಟ್ಟದ ಮೇಲಿನ ಮಣ್ಣಿನ ಹೂಜಿ ಕೆಳಗಿಳಿಯುತ್ತದೆ. ನೆರಳಿರುವ, ಆದರೆ ಗಾಳಿ ಸುಳಿಯುವ ಎಡೆಯನ್ನು ನೋಡಿ, ಮರಳು ಹಾಸಿ, ಅದರ ಮೇಲೆ ಹೂಜಿಯನ್ನು ಕೂರಿಸಿ, ಮೈಗೆ ಒದ್ದೆ ಬಟ್ಟೆಯನ್ನು ಸುತ್ತುತ್ತಾರೆ. ನಡುಹಗಲಿನ ಹೊತ್ತಿಗೆ ಹಿತ್ತಾಳೆಯ ಕೊಡದ ನೀರು ಉಗುರುಬೆಚ್ಚಗಾಗಿದ್ದರೆ ಹೂಜಿಯ ನೀರು ಆಗತಾನೆ ಬಾವಿಯಿಂದ ಸೇದಿದಂತೆ ತಣ್ಣಗಿರುತ್ತದೆ. ಹೂಜಿಯೊಳಗೆ ಯಂತ್ರವಿಲ್ಲ, ಅದಕ್ಕೆ ಇಂಧನ ಬೇಕಿಲ್ಲ. ಹಾಗಾದರೆ ಈ ತಂಪು ಬಂದದ್ದಾದರೂ ಎಲ್ಲಿಂದ?

ಹೂಜಿಯ ಮಣ್ಣಿನ ಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಒಳಗಿನ ನೀರು ಅವುಗಳ ಮೂಲಕ ಜಿನುಗಿ ಹೊರಮೈಗೆ ಬರುತ್ತದೆ. ಬಂದದ್ದು ಗಾಳಿಗೆ ಸಿಕ್ಕಿ ಆವಿಯಾಗುತ್ತದೆ. ನೀರು ಆವಿಯಾಗಬೇಕಾದರೆ ಶಾಖ ಬೇಕು. ಒಲೆಯ ಮೇಲಿನ ನೀರಿಗೆ ಆ ಶಾಖವನ್ನು ಬೆಂಕಿ ಕೊಡುತ್ತದೆ. ಹೂಜಿಯ ಹೊರಮೈಯ ನೀರಿಗೆ ಕೊಡುವವರು ಯಾರು? ಅದು ತನಗೆ ಬೇಕಾದ ಶಾಖವನ್ನು ಬಹುಮಟ್ಟಿಗೆ ಹೂಜಿಯಿಂದಲೂ ಒಳಗೆ ಉಳಿದ ನೀರಿನಿಂದಲೂ ಕಿತ್ತುಕೊಂಡು ಹೋಗುತ್ತದೆ. ಹೋದವರು ಒಯ್ದ ಮೇಲೆ ಉಳಿದವರ ಪಾಲಿಗೆ ತಂಪು. ಇದೇ ಬಾಷ್ಪೀಕರಣದ ತಂಪು.

ಮನುಷ್ಯನ ಮೈಯೂ ಇಂಥದೊಂದು ಹೂಜಿಯೇ ಎಂಬುದನ್ನು ಸ್ಪಷ್ಟವಾಗಿ ಕಂಡುಕೊಂಡವರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಒಬ್ಬನು. 1750ರ ಜೂನ್ ತಿಂಗಳಿನ ಒಂದು ಭಾನುವಾರ ಫಿಲಡೆಲ್ಫಿಯ ನಗರದಲ್ಲಿ ಉಷ್ಣಮಾಪಕವು ನೆರಳಿನಲ್ಲಿಯೇ 100 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 38 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಕಿಟಕಿಗಳನ್ನೆಲ್ಲ ತೆರೆದು, ಅಂಗಿ ಬೆವರಿನಿಂದ ತೊಯ್ದು ಹೋಗುತ್ತಿದ್ದಂತೆ ಬೇರೆಯದನ್ನು ತೊಡುತ್ತ ಫ್ರಾಂಕ್ಲಿನ್ ಓದುಬರೆಹದಲ್ಲಿ ಕುಳಿತಿದ್ದನು. ಸುತ್ತಲಿನ ಗಾಳಿ ಅಷ್ಟು ಕಾದಿದ್ದರೂ ತನ್ನ ಮೈ ಅದರಂತೆ ಕಾಯದಿರುವುದು ಏಕೆಂಬ ಪ್ರಶ್ನೆ ಅವನನ್ನು ಬಿಡಲಿಲ್ಲ. ಎಂಟು ವರ್ಷಗಳ ಬಳಿಕ, 1758ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕ ಜಾನ್ ಹ್ಯಾಡ್ಲಿಯೊಡನೆ ಸೇರಿ ಅವನೊಂದು ಪ್ರಯೋಗ ಮಾಡಿದನು. ಉಷ್ಣಮಾಪಕದ ಬುರುಡೆಯನ್ನು ಈಥರ್ ಎಂಬ ಬೇಗನೆ ಆವಿಯಾಗುವ ದ್ರವದಿಂದ ಮತ್ತೆ ಮತ್ತೆ ತೋಯಿಸುವುದು, ತಿದಿಯಿಂದ ಗಾಳಿ ಊದುವುದು, ಇಷ್ಟೇ ಅವರು ಮಾಡಿದ ಕೆಲಸ. ಕೋಣೆಯ ಉಷ್ಣತೆ ಸುಮಾರು 18 ಡಿಗ್ರಿ ಸೆಲ್ಸಿಯಸ್ ಇದ್ದರೂ ಪಾದರಸ ಶೂನ್ಯಕ್ಕಿಂತ ಕೆಳಗೆ 14 ಡಿಗ್ರಿಗೆ ಇಳಿಯಿತು. ಬುರುಡೆಯ ಸುತ್ತ ಹಿಮ ಕಟ್ಟಿತು. ಅದೇ ವರ್ಷ ವೈದ್ಯಮಿತ್ರನೊಬ್ಬನಿಗೆ ಬರೆದ ಪತ್ರದಲ್ಲಿ ಫ್ರಾಂಕ್ಲಿನ್ ಪೆನ್ಸಿಲ್ವೇನಿಯದ ಕೊಯ್ಲಿನ ಆಳುಗಳ ಮಾತನ್ನೂ ಎತ್ತಿದನು. ಉರಿಬಿಸಿಲಿನ ಗದ್ದೆಯಲ್ಲಿ ಅವರು ಬೆವರುತ್ತಿರುವವರೆಗೆ ದುಡಿಯಬಲ್ಲರು; ಬೆವರು ನಿಂತಿತೋ, ಕುಸಿದು ಬೀಳುವರು; ಕೆಲವೊಮ್ಮೆ ಸಾಯುವರು. ಬೆವರನ್ನು ಕೊಳೆಯೆಂದು ಮೂಗು ಮುರಿಯುವವರು ಈ ಮಾತನ್ನು ಒಮ್ಮೆ ಯೋಚಿಸಬೇಕು.

ಇನ್ನೂ ಸೋಜಿಗದ ಪ್ರಯೋಗ ಲಂಡನ್ನಿನಲ್ಲಿ 1774ರಲ್ಲಿ ನಡೆಯಿತು. ಚಾರ್ಲ್ಸ್ ಬ್ಲಾಗ್ಡೆನ್ ಎಂಬ ವೈದ್ಯನು ತನ್ನ ಕೆಲವು ಸಂಗಡಿಗರೊಡನೆ ಕುದಿಯುವ ನೀರಿಗಿಂತ ಹೆಚ್ಚಾಗಿ ಕಾಸಿದ ಕೋಣೆಯನ್ನು ಹೊಕ್ಕನು. ಒಳಗಿನ ಒಣಗಾಳಿಯ ಉಷ್ಣತೆ 127 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿತ್ತು. ಅಲ್ಲಿಟ್ಟ ಮೊಟ್ಟೆಗಳು ಬೆಂದು ಗಟ್ಟಿಯಾದವು. ಮಾಂಸದ ತುಂಡು ಬೆಂದು ಒಣಗಿತು. ಹೊಕ್ಕ ಮನುಷ್ಯರು ಮಾತ್ರ ಕೆಲವು ನಿಮಿಷ ಅಲ್ಲಿದ್ದು ಕ್ಷೇಮವಾಗಿ ಹೊರಗೆ ಬಂದರು. ಇದಕ್ಕಿಂತಲೂ ಹೆಚ್ಚಿನ ಅರ್ಥವಿದ್ದುದು ಅದೇ ಕೋಣೆಯಲ್ಲಿಟ್ಟ ಒಂದು ಮಣ್ಣಿನ ಪಾತ್ರೆಯ ನೀರಿನಲ್ಲಿ. ಸುತ್ತಲೂ ಅಷ್ಟು ಶಾಖವಿದ್ದರೂ ಆ ನೀರು ಕುದಿಯಲಿಲ್ಲ. ಒಂದು ಮಟ್ಟಕ್ಕೆ ಬಿಸಿಯಾಗಿ, ಗಂಟೆಗೂ ಹೆಚ್ಚು ಕಾಲ ಅಲ್ಲಿಯೇ ನಿಂತಿತು. ಆಗ ಅದರ ಮೇಲೆ ಸ್ವಲ್ಪ ಎಣ್ಣೆಯನ್ನು ಬಿಟ್ಟರು. ಎಣ್ಣೆಯ ತೆಳುಪೊರೆ ನೀರಿನ ಮೇಲೆ ಹರಡಿತು, ಆವಿಯ ದಾರಿ ಮುಚ್ಚಿತು. ಕೊನೆಗೆ ನೀರು ಕೊತಕೊತನೆ ಕುದಿಯಿತು! ಆವಿ ಹೊರಡಲು ದಾರಿಯಿರುವಷ್ಟು ಕಾಲ ನೀರು ತನ್ನನ್ನು ತಾನು ಕಾಯ್ದುಕೊಂಡಿತ್ತು. ಬ್ಲಾಗ್ಡೆನ್ನನ ಈ ಎಣ್ಣೆಯ ಪೊರೆಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ತಿಳಿಯುತ್ತದೆ. ಅದು ಸೈಕಲ್ ಸವಾರನ ತಲೆಯ ಕಥೆ.

ಸೈಕಲ್ ತುಳಿಯುವವನು ತಾನು ಉಂಡ ಅನ್ನದ ಶಕ್ತಿಯಲ್ಲಿ ಸುಮಾರು ಕಾಲು ಪಾಲನ್ನು ಮಾತ್ರ ಚಲನೆಯಾಗಿ ಮಾರ್ಪಡಿಸಬಲ್ಲನು. ಮಿಕ್ಕ ಮುಕ್ಕಾಲು ಪಾಲು ಶಾಖವಾಗುತ್ತದೆ. ಜೋರಾಗಿ ತುಳಿಯುವಾಗ ಅವನ ಮೈ ಆರು ನೂರು ವ್ಯಾಟ್‌ಗಳಷ್ಟು ಶಾಖವನ್ನು ಹುಟ್ಟಿಸುತ್ತಿರಬಹುದು. ಸಣ್ಣದೊಂದು ವಿದ್ಯುತ್ ಒಲೆಯನ್ನು ಹೊಟ್ಟೆಯಲ್ಲಿ ಹೊತ್ತುಕೊಂಡು ಹೋಗುತ್ತಿರುವಂತೆ. ಈ ಶಾಖ ಹೊರಗೆ ಹೋಗದಿದ್ದರೆ ಗತಿಯೇನು? ಇಲ್ಲಿ ಬೆವರು ನೆರವಿಗೆ ಬರುತ್ತದೆ. ಚರ್ಮದ ಮೇಲೆ ಆವಿಯಾಗುವ ಒಂದು ಗ್ರಾಂ ಬೆವರು ಸುಮಾರು 580 ಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಅದು ಹೊತ್ತುಕೊಂಡು ಹೋಗುವ ಶಾಖದಿಂದ ಏಳು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಆದರೆ ‘ಆವಿಯಾದರೆ’ ಎಂಬ ಮಾತನ್ನು ಮರೆಯುವಂತಿಲ್ಲ. ಹನಿಹನಿಯಾಗಿ ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ತಂಪಿನ ಲಾಭ ಇಲ್ಲವೇ ಇಲ್ಲವೆನ್ನಬಹುದು. ಮೈಯ ನೀರು ಮಾತ್ರ ನಷ್ಟ.

ಸೈಕಲ್ ಸವಾರನ ತಲೆಗೆ ಕಾವಲು ಬೇಕೆಂಬ ಯೋಚನೆ ಹೊಸದಲ್ಲ. 1880ರ ದಶಕದಲ್ಲಿ ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರವಿದ್ದ ಸೈಕಲ್ಲುಗಳು ಬಳಕೆಯಲ್ಲಿದ್ದವು. ಹಾದಿಯಲ್ಲೊಂದು ಕಲ್ಲು ಅಡ್ಡ ಬಂದರೆ ಸವಾರನು ಚಕ್ರದ ಮೇಲಿನಿಂದ ಮುಂದಕ್ಕೆ ಹಾರಿ ತಲೆಯೂರಿ ಬೀಳುತ್ತಿದ್ದನು. ಆಗ ಕೆಲವರು ತೊಟ್ಟದ್ದು ಬೆಂಡಿನ ಟೋಪಿ. ಇದಕ್ಕೂ ನಮ್ಮ ದೇಶಕ್ಕೂ ನಂಟುಂಟು. ಬಂಗಾಳದ ಜೌಗು ನೆಲದಲ್ಲಿ ಬೆಳೆಯುವ ಸೋಲಾ ಗಿಡದ ಹಗುರವಾದ ಬೆಂಡಿನಿಂದ ಮಾಡಿದ ಈ ಟೋಪಿಯನ್ನು ಬ್ರಿಟಿಷ್ ಅಧಿಕಾರಿಗಳು ಭಾರತದ ಬಿಸಿಲಿಗೆ ಅಂಜಿ ಧರಿಸುತ್ತಿದ್ದರು. ಬೆಂಡು ನೀರನ್ನು ಚೆನ್ನಾಗಿ ಹೀರುತ್ತದೆ. ಟೋಪಿಯನ್ನು ನೀರಿನಲ್ಲಿ ಅದ್ದಿ ತಲೆಗೆ ಇಟ್ಟುಕೊಂಡರೆ ಅದು ಆರುವವರೆಗೂ ತಂಪು. ಹೂಜಿಯನ್ನೇ ಬೋರಲು ಹಾಕಿಕೊಂಡಂತೆ. ತಲೆಯನ್ನು ಸುತ್ತುವ ಪಟ್ಟಿಗೂ ಟೋಪಿಯ ಗೋಡೆಗೂ ನಡುವೆ ಎಡೆಯಿಟ್ಟು, ನೆತ್ತಿಯಲ್ಲಿ ಗಾಳಿಕಿಂಡಿಯನ್ನೂ ಇಟ್ಟಿದ್ದರು. ಬಿದ್ದರೆ ಬೆಂಡು ಪುಡಿಯಾಗಿ ಪೆಟ್ಟಿನ ಬಿರುಸನ್ನು ಸ್ವಲ್ಪ ತಾನು ನುಂಗುತ್ತಿತ್ತು. ಕಾವಲು, ತಂಪು ಎರಡನ್ನೂ ಒಂದೇ ವಸ್ತುವಿನಿಂದ ಪಡೆಯುವ ಜಾಣತನ ಇದರಲ್ಲಿತ್ತು. ಕಾವಲಿನ ಭಾಗ ಬಲು ದುರ್ಬಲವಾಗಿತ್ತು ಎಂಬುದು ಬೇರೆ ಮಾತು.

ಮುಂದೆ ಪಂದ್ಯದ ಸವಾರರು ಉಣ್ಣೆ ತುಂಬಿದ ಚರ್ಮದ ಪಟ್ಟಿಗಳನ್ನು ಬಲೆಯಂತೆ ಹೆಣೆದ ಶಿರಸ್ತ್ರಾಣವನ್ನು ತೊಟ್ಟರು. ಗಾಳಿಗೇನೋ ಅದರಲ್ಲಿ ಧಾರಾಳವಾಗಿ ದಾರಿಯಿತ್ತು. ಪೆಟ್ಟಿಗೂ ಅಷ್ಟೇ ಧಾರಾಳವಾಗಿ ದಾರಿಯಿತ್ತು. 1975ರಲ್ಲಿ ಅಮೆರಿಕದ ಬೆಲ್ ಕಂಪನಿಯು ಗಟ್ಟಿ ಹೊರಕವಚದೊಳಗೆ ಪಾಲಿಸ್ಟೈರೀನ್ ನೊರೆಯನ್ನು ಅಳವಡಿಸಿದ ಹೆಲ್ಮೆಟನ್ನು ಸೈಕಲ್ ಸವಾರರಿಗಾಗಿ ಹೊರತಂದಿತು. ಇಂದಿನ ಹೆಲ್ಮೆಟ್ಟುಗಳ ವಂಶ ಇಲ್ಲಿಂದ ಮೊದಲಾಗುತ್ತದೆ. ಈ ನೊರೆ ನಮಗೆ ಅಪರಿಚಿತವಾದುದಲ್ಲ. ಥರ್ಮೋಕೋಲ್ ಎಂದು ಎಲ್ಲರೂ ಕರೆಯುವ ಬಿಳಿಯ ಹಗುರ ಹಲಗೆ ಇದರದೇ ಒಡಹುಟ್ಟು. ತಲೆ ನೆಲಕ್ಕೆ ಬಡಿದಾಗ ನೊರೆಯೊಳಗಿನ ಲಕ್ಷಾಂತರ ಗಾಳಿಗೂಡುಗಳು ಅಪ್ಪಚ್ಚಿಯಾಗುತ್ತವೆ. ಅಷ್ಟರಲ್ಲಿ ತಲೆ ನಿಲ್ಲಲು ಕೆಲವು ಸಹಸ್ರಾಂಶ ಸೆಕೆಂಡುಗಳಷ್ಟು ಹೆಚ್ಚು ಕಾಲ ಸಿಗುತ್ತದೆ. ಬದುಕು ಸಾವುಗಳ ನಡುವಿನ ಅಂತರ ಕೆಲವೊಮ್ಮೆ ಅಷ್ಟೇ. 1999ರಲ್ಲಿ ಜಾರಿಗೆ ಬಂದ ಅಮೆರಿಕದ ನಿಯಮದ ಪ್ರಕಾರ, ಕೃತಕ ತಲೆಗೆ ಹೆಲ್ಮೆಟ್ ತೊಡಿಸಿ ಎರಡು ಮೀಟರ್ ಎತ್ತರದಿಂದ ಚಪ್ಪಟೆ ಉಕ್ಕಿನ ಮೇಲೆ ಕೆಡವಿದಾಗ, ಆ ತಲೆಯ ವೇಗೋತ್ಕರ್ಷ ಗುರುತ್ವದ ವೇಗೋತ್ಕರ್ಷದ 300 ಪಟ್ಟನ್ನು ಮೀರಕೂಡದು.

ಇಲ್ಲಿ ಒಂದು ವಿಚಿತ್ರವಿದೆ. ಮಂಜುಗಡ್ಡೆ ಕರಗದಂತೆ, ಮೀನು ಕೆಡದಂತೆ ಇಡುವ ಪೆಟ್ಟಿಗೆಗಳನ್ನು ಮಾಡುವುದು ಇದೇ ನೊರೆಯಿಂದ. ಶಾಖವನ್ನು ಈ ಕಡೆಯಿಂದ ಆ ಕಡೆಗೆ ಬಿಡದ ವಸ್ತುಗಳಲ್ಲಿ ಇದು ಮೇಲ್ಪಂಕ್ತಿಯದು. ತಲೆಯನ್ನು ಉಳಿಸಲು ಮನುಷ್ಯನು ಆರಿಸಿಕೊಂಡ ವಸ್ತುವೇ ತಲೆಯ ಶಾಖವನ್ನು ಒಳಗೆ ಕೂಡಿಹಾಕುತ್ತದೆ. ಬೆವರಿನ ಆವಿಗೂ ದಾರಿ ಕೊಡುವುದಿಲ್ಲ. ಬ್ಲಾಗ್ಡೆನ್ನನ ಪಾತ್ರೆಯ ಮೇಲೆ ಎಣ್ಣೆಯ ಪೊರೆ ಹರಡಿದಂತೆ ಸವಾರನ ನೆತ್ತಿಯ ಮೇಲೆ ನೊರೆಯ ಗೋಡೆ ಕುಳಿತಿತು.

ಸವಾರರು ಇದನ್ನು ಸುಲಭವಾಗಿ ಒಪ್ಪಲಿಲ್ಲ. 1991ರಲ್ಲಿ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು ವೃತ್ತಿಪಂದ್ಯಗಳಲ್ಲಿ ಹೆಲ್ಮೆಟನ್ನು ಕಡ್ಡಾಯ ಮಾಡಲು ಹೊರಟಾಗ, ಫ್ರಾನ್ಸಿನ ಪ್ಯಾರಿಸ್–ನೀಸ್ ಪಂದ್ಯದಲ್ಲಿ ಸವಾರರು ಮುಷ್ಕರ ಹೂಡಿದರು, ಒಕ್ಕೂಟ ಹಿಂಜರಿಯಿತು. ಸೆಕೆ ತಾಳಲಾಗದು ಎಂಬುದು ಅವರ ದೂರುಗಳಲ್ಲಿ ಮುಖ್ಯವಾದುದು. ಇದನ್ನು ಬರಿಯ ಮೊಂಡುತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಬಿಸಿಲು ಪ್ರಾಣವನ್ನೇ ತೆಗೆಯಬಲ್ಲುದೆಂಬುದನ್ನು ಅವರ ಹಿಂದಿನ ತಲೆಮಾರು ಕಣ್ಣಾರೆ ಕಂಡಿತ್ತು. 1967ರ ಜುಲೈ 13ರಂದು ಫ್ರಾನ್ಸ್ ಪ್ರವಾಸ ಪಂದ್ಯದಲ್ಲಿ ಬ್ರಿಟನ್ನಿನ ಟಾಮ್ ಸಿಂಪ್ಸನ್ ಮಾಂಟ್ ವೆಂಟೂ ಎಂಬ ಬೋಳು ಪರ್ವತವನ್ನು ಉರಿಬಿಸಿಲಿನಲ್ಲಿ ಏರುತ್ತಿದ್ದಾಗ ಕುಸಿದು ಬಿದ್ದು ಅಸುನೀಗಿದ್ದನು. ಅವನು ಸೇವಿಸಿದ್ದ ಉತ್ತೇಜಕ ಔಷಧಿಯೂ ಆ ಸಾವಿಗೆ ಕಾರಣವಾಗಿತ್ತೆಂಬುದು ನಿಜ. ಆದರೆ ಮೈಯ ಶಾಖ ಮಿತಿ ಮೀರಿದ್ದೂ ಅಷ್ಟೇ ನಿಜ.

ಹೀಗಿರುವಾಗ 1995ರ ಜುಲೈ 18ರಂದು ಅದೇ ಪಂದ್ಯದಲ್ಲಿ, ಪಿರಿನೀಸ್ ಪರ್ವತಗಳ ಇಳಿಜಾರಿನಲ್ಲಿ, ಇಟಲಿಯ ಫ್ಯಾಬಿಯೊ ಕಸಾರ್ಟೆಲಿ ಬಿದ್ದನು. ದಾರಿಯಂಚಿನ ಕಾಂಕ್ರೀಟು ದಿಮ್ಮಿಗೆ ಅವನ ತಲೆ ಬಡಿಯಿತು. 1992ರ ಬಾರ್ಸಿಲೋನ ಒಲಿಂಪಿಕ್ ಕ್ರೀಡೆಗಳಲ್ಲಿ ಚಿನ್ನದ ಪದಕ ಗೆದ್ದಿದ್ದ ಆ ತರುಣನಿಗೆ ಇಪ್ಪತ್ತನಾಲ್ಕೇ ವರ್ಷ. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಇದ್ದಿದ್ದರೆ ಉಳಿಯುತ್ತಿದ್ದನೇ ಎಂಬ ಬಗೆಗೆ ಬಲ್ಲವರಲ್ಲಿಯೇ ಭಿನ್ನಾಭಿಪ್ರಾಯವಿತ್ತು. ನಿಯಮ ಬದಲಾಗಲಿಲ್ಲ. 2003ರ ಮಾರ್ಚಿಯಲ್ಲಿ, ಹನ್ನೆರಡು ವರ್ಷಗಳ ಹಿಂದೆ ಮುಷ್ಕರ ನಡೆದಿದ್ದ ಅದೇ ಪ್ಯಾರಿಸ್–ನೀಸ್ ಪಂದ್ಯದಲ್ಲಿ, ಕಜಕಸ್ತಾನದ ಆಂದ್ರೇ ಕಿವಿಲೆವ್ ಬರಿದಲೆಯಲ್ಲಿ ಬಿದ್ದು ಮರುದಿನ ತೀರಿಕೊಂಡನು. ಈ ಸಲ ಒಕ್ಕೂಟ ಹಿಂಜರಿಯಲಿಲ್ಲ. ಆ ವರ್ಷದ ಮೇ ತಿಂಗಳಿನಿಂದ ಹೆಲ್ಮೆಟ್ ಕಡ್ಡಾಯವಾಯಿತು.

ಆದರೆ ಆ ನಿಯಮಕ್ಕೆ ಮೊದಮೊದಲು ಒಂದು ವಿನಾಯಿತಿಯಿತ್ತು. ಪಂದ್ಯದ ಕೊನೆಯಲ್ಲಿ ಐದು ಕಿಲೋಮೀಟರಿಗೆ ಕಡಿಮೆಯಿಲ್ಲದ ಏರುದಾರಿ ಬಂದರೆ, ಅದರ ಬುಡದಲ್ಲಿ ಸವಾರರು ಹೆಲ್ಮೆಟನ್ನು ತೆಗೆದಿಡಬಹುದಾಗಿತ್ತು. ಏರುದಾರಿಗೇ ಈ ರಿಯಾಯಿತಿ ಏಕೆ? ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗಲು ಎಷ್ಟು ಶ್ರಮ ಬೇಕೋ, ನೂರು ಮೀಟರಿಗೆ ಎಂಟು ಮೀಟರ್ ಏರುವ ಘಟ್ಟದಲ್ಲಿ 9 ಕಿಲೋಮೀಟರ್ ವೇಗದಲ್ಲಿ ಹೋಗಲು ಹೆಚ್ಚುಕಡಿಮೆ ಅಷ್ಟೇ ಶ್ರಮ ಬೇಕು. ಶ್ರಮ ಅಷ್ಟೇ ಆದುದರಿಂದ ಮೈಯಲ್ಲಿ ಹುಟ್ಟುವ ಶಾಖವೂ ಅಷ್ಟೇ. ಆದರೆ ಹಣೆಗೆ ಬಡಿಯುವ ಗಾಳಿಯ ವೇಗ ಮೂರರಲ್ಲಿ ಒಂದು ಪಾಲಿಗೂ ಕಡಿಮೆ! ಒಲೆ ಉರಿಯುತ್ತಲೇ ಇದೆ. ಬೀಸಣಿಗೆ ಮಾತ್ರ ಸೋತುಹೋಗಿದೆ. ಆ ವಿನಾಯಿತಿಯನ್ನೂ ಒಕ್ಕೂಟವು ಮುಂದೆ ತೆಗೆದುಹಾಕಿತು. ಹಾಗೆ ತೆಗೆಯಲು ಸಾಧ್ಯವಾಗುವಂತೆ ಮಾಡಿದವರಲ್ಲಿ ಹೆಲ್ಮೆಟ್ಟಿನ ವಿನ್ಯಾಸಕಾರರ ಪಾಲೂ ಉಂಟು.

ವಿನ್ಯಾಸಕಾರರು ಹೆಲ್ಮೆಟ್ಟಿಗೆ ಬೀಸಣಿಗೆ ಕಟ್ಟಲಿಲ್ಲ, ವಿದ್ಯುತ್ಕೋಶ ಜೋಡಿಸಲಿಲ್ಲ. ಬೆವರೆಂಬ ಯಂತ್ರ ತಲೆಯಲ್ಲಿಯೇ ಇದೆ. ಸವಾರನ ವೇಗವೇ ಗಾಳಿಯನ್ನು ಹುಟ್ಟಿಸುತ್ತದೆ. ಇವೆರಡೂ ಒಂದನ್ನೊಂದು ಕೂಡುವಂತೆ ದಾರಿ ಮಾಡಿದರೆ ಸಾಕು ಎಂಬುದನ್ನು ಅವರು ಅರಿತರು. ಹೆಲ್ಮೆಟ್ಟಿನ ಹಣೆಯ ಭಾಗದಲ್ಲಿ ಅಗಲವಾದ ಬಾಯಿಗಳು. ಒಳಮೈಯಲ್ಲಿ ಹಣೆಯಿಂದ ಹಿಂದಲೆಯವರೆಗೆ ನೊರೆಯಲ್ಲಿಯೇ ಕೊರೆದ ಕಾಲುವೆಗಳು. ಹಿಂಭಾಗದಲ್ಲಿ ಗಾಳಿ ಹೊರಬೀಳಲು ಕಿಂಡಿಗಳು. ಓಡುವ ಸವಾರನ ಮುಂದೆ ಗಾಳಿಯ ಒತ್ತಡ ಹೆಚ್ಚು, ಹಿಂದೆ ಕಡಿಮೆ. ಆದುದರಿಂದ ಗಾಳಿ ತಾನಾಗಿಯೇ ಮುಂದೆ ಹೊಕ್ಕು, ನೆತ್ತಿಯನ್ನು ಸವರಿ, ಬೆವರಿನ ಆವಿಯನ್ನು ಹೊತ್ತು ಹಿಂದೆ ಹೊರಡುತ್ತದೆ. ಹಳೆಯ ತೊಟ್ಟಿಯ ಮನೆಗಳಲ್ಲಿ ಎದುರುಬದುರಾಗಿ ಬಾಗಿಲು ಕಿಟಕಿಗಳನ್ನಿಟ್ಟವರಿಗೆ ಈ ಗುಟ್ಟು ತಿಳಿದಿತ್ತು. ಹಿಂದಿನ ಬಾಗಿಲಿಲ್ಲದೆ ಮುಂದಿನ ಬಾಗಿಲನ್ನು ಎಷ್ಟು ಅಗಲ ಮಾಡಿದರೇನು?

ಕಿಂಡಿಗಳನ್ನು ಬೇಕಾದಷ್ಟು ಕೊರೆಯುತ್ತ ಹೋಗುವಂತೆಯೂ ಇಲ್ಲ. ಕೊರೆದಷ್ಟೂ ನೊರೆ ಕಡಿಮೆಯಾಗುತ್ತದೆ. ಪೆಟ್ಟನ್ನು ನುಂಗಬೇಕಾದದ್ದು ಆ ನೊರೆಯೇ. ಉಳಿದ ನೊರೆಯನ್ನು ಹೆಚ್ಚು ಸಾಂದ್ರವಾಗಿ ಮಾಡಿ ಕೊರತೆಯನ್ನು ತುಂಬಿಕೊಳ್ಳಬೇಕು. ತೀರ ಸಾಂದ್ರವಾದರೆ ಅದು ಕುಗ್ಗದೆ ಪೆಟ್ಟನ್ನು ತಲೆಗೇ ದಾಟಿಸುತ್ತದೆ. ಗಾಳಿಗೆಷ್ಟು, ಗೋಡೆಗೆಷ್ಟು ಎಂಬ ಈ ಹಂಚಿಕೆಯೇ ವಿನ್ಯಾಸಕಾರನ ನಿಜವಾದ ಪರೀಕ್ಷೆ. ಇದನ್ನು ಅಳೆಯಲು ಸ್ವಿಟ್ಜರ್ಲೆಂಡಿನ ಎಂಪಾ ಸಂಶೋಧನ ಸಂಸ್ಥೆಯಲ್ಲಿ ಬೆವರುವ ಕೃತಕ ತಲೆಯೊಂದನ್ನು ರಚಿಸಿದರು. ಅದನ್ನು ಒಳಗಿನಿಂದ ಕಾಸಿ, ಮೇಲ್ಮೈಯಲ್ಲಿ ನೀರು ಜಿನುಗುವಂತೆ ಮಾಡಿ, ಹೆಲ್ಮೆಟ್ ತೊಡಿಸಿ ಗಾಳಿಸುರಂಗದಲ್ಲಿ ನಿಲ್ಲಿಸುತ್ತಾರೆ. ತಲೆಯ ಉಷ್ಣತೆ ಬದಲಾಗದಂತೆ ಕಾಯಲು ಎಷ್ಟು ವಿದ್ಯುತ್ ಬೇಕಾಯಿತೆಂದು ನೋಡಿದರೆ ಎಷ್ಟು ಶಾಖ ಹೊರಗೆ ಹೋಯಿತೆಂದು ತಿಳಿಯುತ್ತದೆ. ಇಂಥ ಪರೀಕ್ಷೆಗಳಲ್ಲಿ ಹೆಲ್ಮೆಟ್ಟಿನಿಂದ ಹೆಲ್ಮೆಟ್ಟಿಗೆ ದೊಡ್ಡ ಅಂತರ ಕಂಡುಬಂದಿತು. ಕಿಂಡಿಗಳ ಸಂಖ್ಯೆಗಿಂತ ಅವುಗಳಿರುವ ಸ್ಥಾನ, ಒಳಗಿನ ಕಾಲುವೆ, ತಲೆ ಬಾಗಿರುವ ಕೋನ ಇವು ಲೆಕ್ಕಕ್ಕೆ ಬರುತ್ತವೆ. ಅಂಗಡಿಯಲ್ಲಿ ತೂತುಗಳನ್ನು ಎಣಿಸಿ ಹೆಲ್ಮೆಟ್ ಕೊಳ್ಳುವವರು ಮೋಸಹೋಗಬಹುದು.

ನಿಜವಾದ ಸವಾರರ ಮೇಲೆ ನಡೆಸಿದ ಪರೀಕ್ಷೆಗಳಿಂದ ಇನ್ನೊಂದು ಸಂಗತಿ ಹೊರಬಿದ್ದಿತು. ಗಾಳಿಗಿಂಡಿಗಳಿರುವ ಹೆಲ್ಮೆಟ್ ತೊಟ್ಟು ಸೆಕೆಯಲ್ಲಿ ತುಳಿದರೂ ಮೈಯೊಳಗಿನ ಉಷ್ಣತೆ ಬರಿದಲೆಯವರಿಗಿಂತ ಗಮನಾರ್ಹವಾಗಿ ಏರಲಿಲ್ಲ. ತಲೆ ಇಡೀ ಮೈಯ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಉಳಿದ ಮೈ ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ನೊರೆಯ ಗೋಡೆ ಬಿಸಿಲನ್ನೂ ತಡೆಯುತ್ತದೆ. ಹಾಗೆಂದು ಸವಾರರ ದೂರು ಸುಳ್ಳಾಗಲಿಲ್ಲ. ಹಣೆ ಮತ್ತು ನೆತ್ತಿ ಸೆಕೆಯನ್ನು ಬಹು ಸೂಕ್ಷ್ಮವಾಗಿ ಅರಿಯುತ್ತವೆ; ಅಲ್ಲಿ ಹಿಂಸೆಯಾದರೆ ಇಡೀ ಮೈಗೇ ಹಿಂಸೆಯಾದಂತೆ. ಹಿಂಸೆಯಾದ ಹೆಲ್ಮೆಟ್ಟನ್ನು ಮನುಷ್ಯನು ಕಳಚಿ ಹಿಡಿಗೆ ತೂಗುಹಾಕುತ್ತಾನೆ. ಹಿಡಿಗೆ ತೂಗಿದ ಹೆಲ್ಮೆಟ್ ಯಾವ ತಲೆಯನ್ನು ಕಾಯಬಲ್ಲುದು?

ಹಣೆಯ ಬಳಿ ಇರುವ ಮೆತ್ತೆಯ ಪಟ್ಟಿಯ ವಿಚಾರದಲ್ಲಿಯೂ ಒಂದು ಸೂಕ್ಷ್ಮವಿದೆ. ಅದು ಬೆವರನ್ನು ಹೀರಿ ಕಣ್ಣಿಗಿಳಿಯದಂತೆ ತಡೆಯುತ್ತದೆ, ಅಗಲಕ್ಕೆ ಹರಡಿ ಆರಿಸುತ್ತದೆ. ಆದರೆ ಚರ್ಮದಿಂದ ದೂರದಲ್ಲಿ ಆರಿದ ಬೆವರು ತನಗೆ ಬೇಕಾದ ಶಾಖದಲ್ಲಿ ಒಂದು ಭಾಗವನ್ನು ಚರ್ಮದಿಂದಲ್ಲ, ಗಾಳಿಯಿಂದ ಪಡೆಯುತ್ತದೆ. ಪಟ್ಟಿ ದಪ್ಪವಾದಷ್ಟೂ ತಂಪು ವ್ಯರ್ಥ. ಹಿಂದಿನ ಪಂದ್ಯಗಳ ಸವಾರರು ಬಟ್ಟೆಯ ಟೋಪಿಯ ಅಡಿಯಲ್ಲಿ ನೀರಿನಲ್ಲಿ ಅದ್ದಿದ ಎಲೆಕೋಸಿನ ಎಲೆಯನ್ನು ಇಟ್ಟುಕೊಳ್ಳುತ್ತಿದ್ದುದುಂಟು. ಇಂದಿನವರು ಹೆಲ್ಮೆಟ್ಟಿನ ಕಿಂಡಿಗಳ ಮೂಲಕವೇ ತಲೆಗೆ ನೀರು ಸುರಿದುಕೊಳ್ಳುತ್ತಾರೆ. ಬೆವರು ಸಾಲದಾದಾಗ ಎರವಲು ಬೆವರು.

ಈ ಉಪಾಯಗಳೆಲ್ಲವೂ ಗಾಳಿಯ ತೇವಕ್ಕೆ ಅಧೀನ. 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಿದ್ದು ಆರ್ದ್ರತೆ ಶೇಕಡಾ 20 ಇರುವ ಕಲಬುರಗಿಯಂಥ ಊರಿನ ಬೇಸಿಗೆಯಲ್ಲಿ ಒದ್ದೆ ಬಟ್ಟೆ ಸುಮಾರು 22 ಡಿಗ್ರಿಯವರೆಗೆ ತಣಿಯಬಲ್ಲುದು. ಉಷ್ಣತೆ 32 ಡಿಗ್ರಿಯೇ ಇದ್ದು ಆರ್ದ್ರತೆ ಶೇಕಡಾ 80 ಇರುವ ಮಂಗಳೂರಿನ ಸೆಕೆಯಲ್ಲಿ ಅದೇ ಬಟ್ಟೆ 29 ಡಿಗ್ರಿಯ ಬಳಿಯೇ ನಿಂತುಬಿಡುತ್ತದೆ. ಕರಾವಳಿಯಲ್ಲಿ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲವೆಂದು ಅಲ್ಲಿಯ ಜನ ಹೇಳುವುದು ಇದನ್ನೇ. ಅಂಥ ಕಡೆ ಹೆಲ್ಮೆಟ್ಟಿನೊಳಗೆ ಗಾಳಿ ಇನ್ನೂ ಬಿರುಸಾಗಿ ಓಡಬೇಕು. ಒಳನಾಡಿನಲ್ಲಿ ಇನ್ನೊಂದು ಕಷ್ಟ: ಚರ್ಮಕ್ಕಿಂತ ಬಿಸಿಯಾದ ಗಾಳಿ ಒಂದು ಕೈಯಲ್ಲಿ ಆವಿಯನ್ನು ಒಯ್ದು ಇನ್ನೊಂದು ಕೈಯಲ್ಲಿ ಶಾಖವನ್ನು ಕೊಟ್ಟು ಹೋಗುತ್ತದೆ. ಬೆವರು ಇರುವವರೆಗೆ ವ್ಯವಹಾರ ಲಾಭದಲ್ಲಿರುತ್ತದೆ. ಸವಾರನ ಸೀಸೆಯಲ್ಲಿ ಕುಡಿಯುವ ನೀರು ಮುಗಿಯಬಾರದು, ಅಷ್ಟೆ.

ಬೆಂಗಳೂರಿನ ಸೈಕಲ್ ಸವಾರರು ನಂದಿಬೆಟ್ಟವನ್ನು ಏರಲು ನಸುಕಿನ ಹೊತ್ತನ್ನೇ ಆರಿಸಿಕೊಳ್ಳುತ್ತಾರೆ. ತಿರುವು ತಿರುವಿನಲ್ಲಿಯೂ ವೇಗ ಇಳಿಯುತ್ತ ಹೋಗುತ್ತದೆ. ಹೆಲ್ಮೆಟ್ಟಿನ ಕಾಲುವೆಗಳಲ್ಲಿ ಗಾಳಿ ಮಂದವಾಗುತ್ತದೆ. ಹಣೆಯ ಪಟ್ಟಿ ತೊಯ್ದು ಹುಬ್ಬಿನ ಮೇಲೆ ಹನಿ ಮೂಡುತ್ತದೆ. ಚಳಿಗಾಲದ ಮುಂಜಾನೆಯಲ್ಲಿ ತುದಿಯನ್ನು ಮುಟ್ಟಿ ಹೆಲ್ಮೆಟ್ ತೆಗೆದವನ ತಲೆಯ ಮೇಲೆ ತೆಳ್ಳನೆಯ ಬಿಳಿಯ ಹಬೆ ಎಳೆಎಳೆಯಾಗಿ ಏಳುವುದನ್ನು ಕಾಣಬಹುದು. ದಾರಿಯುದ್ದಕ್ಕೂ ಕಿಂಡಿಗಳಿಂದ ಕಣ್ಣಿಗೆ ಕಾಣದೆ ಹೊರಡುತ್ತಿದ್ದುದು ಅದೇ. ಇಳಿಯುವ ಮುನ್ನ ಅವನು ಹೆಲ್ಮೆಟನ್ನು ಮತ್ತೆ ತಲೆಗಿಟ್ಟು ಗಲ್ಲದ ಪಟ್ಟಿಯನ್ನು ಬಿಗಿಯುತ್ತಾನೆ.